ಮೊದಲು ಕೆಳಗಿನ ಮಡಿಗೆ

ಮನಸ್ಸಿನಲ್ಲಿ ಇಲ್ಲದ ಒಳ್ಳೆಯತನವನ್ನು ಕೈಯಿಂದ ಮಾಡಿದರೆ ಅದು ಧರ್ಮವೋ, ದಂಭವೋ? ನಡೆ ನುಡಿ ಒಂದಾಗಿರಬೇಕೆಂಬ ಶರಣರ ಮಾತು ಕೇಳುತ್ತಲೇ ಬೆಳೆದ ನನ್ನಂಥ ಒಕ್ಕಲಿಗನಿಗೆ ಇದು ಸಣ್ಣ ಪ್ರಶ್ನೆಯಲ್ಲ. ಒಳಗೆ ಸಿಟ್ಟು ಕುದಿಯುವಾಗ ಮೆತ್ತಗೆ ಮಾತಾಡುವುದು, ಆಸೆ ಬಿಡದೆಯೇ ಕೊಡುವುದು ನಾಟಕವಲ್ಲವೇ?

ಕೆಟ್ಟ ಯೋಚನೆ ಕಾಡಿದರೆ ಅದರ ಪ್ರತಿಪಕ್ಷವನ್ನು ಭಾವಿಸು ಅನ್ನುತ್ತಾನೆ ಪತಂಜಲಿ, ಯೋಗಸೂತ್ರದ ಎರಡನೆಯ ಪಾದದಲ್ಲಿ. ಹಿಂಸೆ ಮುಂತಾದವನ್ನು ತಾನೇ ಮಾಡಿದರೂ, ಇನ್ನೊಬ್ಬರ ಕೈಲಿ ಮಾಡಿಸಿದರೂ, ಮಾಡಿದ್ದಕ್ಕೆ ಹೂಂ ಅಂದರೂ ಫಲ ದುಃಖವೇ ಎಂದು ಅಲ್ಲೇ ಸೇರಿಸುತ್ತಾನೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ ಕಾಯುವ ನಮ್ಮ ಸೀಮೆಯಲ್ಲಿ ಈ ಮೂವರನ್ನೂ ತೋರಿಸಬಹುದು. ರಾತ್ರಿ ತೂಬು ಎತ್ತುವವನು ಒಬ್ಬ, ಆಳು ಕಳಿಸಿ ಎತ್ತಿಸುವವನು ಇನ್ನೊಬ್ಬ, ಬೆಳಿಗ್ಗೆ ಚಹಾದಂಗಡಿಯಲ್ಲಿ ಅದನ್ನು ಕೇಳಿ ಮೀಸೆಯಡಿ ನಗುವವನು ಮತ್ತೊಬ್ಬ.

ಆದರೆ ಬರೀ ಭಾವಿಸಿದರೆ ಸಾಲದು, ಮಾಡಬೇಕು. ಅದಕ್ಕೆ ಸಾಕ್ಷಿ ದೂರದಲ್ಲಿಲ್ಲ. ದಢೇಸುಗೂರಿನಿಂದ ಸಿಂಧನೂರು ದಾಟಿ ಹೋದರೆ ಮಸ್ಕಿ. ಅಲ್ಲಿಯ ಬಂಡೆಯ ಶಾಸನವನ್ನು 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಂಡ. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರು ಮೊದಲು ಓದಲು ಸಿಕ್ಕಿದ್ದು ಅಲ್ಲೇ. ಇದನ್ನೆಲ್ಲ ಶಾಲೆಯಲ್ಲಿ ಓದಿದ್ದೇವೆ. ಮೇಲೇರುವುದು ದೊಡ್ಡವರಿಗೆ ಮಾತ್ರ ಸಾಧ್ಯ ಅಂದುಕೊಳ್ಳಬೇಡಿ, ಸಣ್ಣವರೂ ಧರ್ಮಕ್ಕೆ ಬಿದ್ದು ದುಡಿದರೆ ಏರಬಹುದು ಎಂದು ಅದೇ ಬಂಡೆ ಹೇಳುವುದನ್ನು ಅಷ್ಟಾಗಿ ನೆನೆಯುವುದಿಲ್ಲ.

ಅಶೋಕ ತಾನೇನು ಮಾಡಿದ? ಹಿಂದಿನ ರಾಜರು ಬೇಟೆಗೆ, ವಿಹಾರಕ್ಕೆ ಹೊರಡುತ್ತಿದ್ದರು. ಪಟ್ಟವೇರಿ ಹತ್ತು ವರ್ಷ ಕಳೆದ ಮೇಲೆ ಅವನು ಬೋಧಿವೃಕ್ಷದ ನೆಲೆಗೆ ಹೋದ. ಅಲ್ಲಿಂದ ಧರ್ಮಯಾತ್ರೆ ಶುರುವಾಯಿತು. ತಿರುಗಾಟ ನಿಲ್ಲಲಿಲ್ಲ, ತಿರುಗಾಟದ ಕೆಲಸ ಬದಲಾಯಿತು. ಕೊಲ್ಲಲು ಹೊರಟಿದ್ದ ಸವಾರಿ ಹಿರಿಯರನ್ನು ಕಂಡು ದಾನ ಕೊಡಲು, ಹಳ್ಳಿಯ ಜನರನ್ನು ಮಾತಾಡಿಸಲು ಹೊರಟಿತು. ಹಾಗಂತ ಎಲ್ಲ ಒಂದೇ ದಿನ ಆಗಲಿಲ್ಲ. ಅಡುಗೆಮನೆಯಲ್ಲಿ ಲಕ್ಷಗಟ್ಟಲೆ ಪ್ರಾಣಿಗಳ ವಧೆ ನಿಂತರೂ ಎರಡು ನವಿಲು, ಒಂದು ಜಿಂಕೆ ಉಳಿದಿದ್ದವು. ಜಿಂಕೆಯೂ ದಿನಾ ಇಲ್ಲ, ಮುಂದೆ ಇವೂ ನಿಲ್ಲುತ್ತವೆ ಎಂದು ಅವನೇ ಕಲ್ಲಿನಲ್ಲಿ ಬರೆಸಿದ. ಉಳಿದ ಕೊರತೆಯನ್ನು ಮುಚ್ಚಿಡದೆ ಹೇಳುವವನನ್ನು ದಂಭಿ ಅನ್ನಲು ನನಗೆ ಬಾಯಿ ಬರುವುದಿಲ್ಲ.

ನಮ್ಮ ಗದ್ದೆ ಪಕ್ಕದ ಕಾಕಾನೂ ಹೀಗೆಯೇ. ನೀರಿನ ಪಾಳಿ ಬಂದ ರಾತ್ರಿ ಮೊದಲು ಕೆಳಗಿನವರ ಮಡಿಗೆ ಹೋಗುತ್ತಾನೆ. ಮಡಿಯ ಬಾಯಿಗೆ ತುರುಕಿದ ಗೋಣಿಚೀಲ ಎಳೆದು, ಕೆಸರನ್ನು ಸಲಿಕೆಯಿಂದ ಸರಿಸಿ, ನೀರು ಹರಿದದ್ದನ್ನು ಬ್ಯಾಟರಿ ಹಾಕಿ ನೋಡಿ, ಆಮೇಲೆ ತನ್ನ ಮಡಿ ತೆಗೆಯುತ್ತಾನೆ. “ಏನ್ ಕಾಕಾ, ಕರ್ಣ ಆಗೀಯೇನು?” ಅಂದೆ. “ಕರ್ಣ ಅಲ್ಲ, ಏನೂ ಅಲ್ಲೋ ತಮ್ಮಾ. ಈ ಕೈಗೆ ಮುಚ್ಚೋದೊಂದ ಗೊತ್ತಿತ್ತು. ತೆಗಿಯೋದು ಕಲಸಾಕ್ಹತ್ತೀನಿ,” ಅಂದ.

ನಾಟಕಕ್ಕೆ ನೋಡುವವರು ಬೇಕು. ನಡುರಾತ್ರಿಯ ಗದ್ದೆಯಲ್ಲಿ ಯಾರಿದ್ದಾರೆ? ಮನಸ್ಸಿಗೆ ಒಪ್ಪದಿದ್ದರೂ ಯಾರಿಗೂ ತೋರಿಸದೆ ಮಾಡಿದ ಕೆಲಸ ದಂಭವಲ್ಲ, ಸಾಧನೆ. ನಡೆ ಮುಂದೆ ಹೋಗಿ ಮನಸ್ಸನ್ನು ಕೈಹಿಡಿದು ಕರೆಯುತ್ತದೆ.

ಇದಕ್ಕೊಂದು ಮಿತಿಯೂ ಉಂಟು. ಡೊಂಕಾದ ಕಟ್ಟಿಗೆಯನ್ನು ನೆಟ್ಟಗೆ ಮಾಡಲು ಆಚೆ ಕಡೆಗೆ ಬಗ್ಗಿಸುವಂತೆ ನಮ್ಮನ್ನೂ ಎದುರು ಬದಿಗೆ ಎಳೆದುಕೊಳ್ಳಬೇಕು ಅಂದ ಗ್ರೀಸಿನ ಅರಿಸ್ಟಾಟಲ್. ಆದರೆ ಅವನ ಗುರಿ ನಡುವಿನ ಹದ. ಇದ್ದ ನೀರೆಲ್ಲ ಬಿಟ್ಟುಕೊಟ್ಟು ತನ್ನ ಭತ್ತ ಒಣಗಿಸುವುದು ಧರ್ಮವಲ್ಲ, ಅದು ಇನ್ನೊಂದು ಹಟ. ಪಾಳಿಗೆ ಬಂದಷ್ಟನ್ನೇ ತಗೊಂಡು ಸುಮ್ಮನಿರಲು ಕೈ ಕಲಿತ ದಿನ ಕಾಕಾ ಮೊದಲು ತನ್ನ ಮಡಿಯನ್ನೇ ತೆಗೆದರೂ ತಪ್ಪಿಲ್ಲ.