ನಾಣ್ಯಕ್ಕೆ ತಾನು ಕಳೆದುಹೋಗಿದ್ದು ಗೊತ್ತಿರಲಿಲ್ಲ
ವಾಕ್ಯಭಾಗ: ಲೂಕ 15:8-10

ಲೂಕ ಹದಿನೈದನೇ ಅಧ್ಯಾಯ ತೆಗೆಯಿರಿ. ಮೊಬೈಲ್‌ನಲ್ಲಿ ಓದೋರು ಬೈಬಲ್ ಮಾತ್ರ ತೆಗೆಯಿರಿ, ವಾಟ್ಸ್ಆ್ಯಪ್ ಬೇಡ.

ಇಲ್ಲಿ ಯೇಸು ಸ್ವಾಮಿ ಮೂರು ಕಥೆ ಹೇಳ್ತಾರೆ: ಕುರಿ, ನಾಣ್ಯ, ಮಗ. ಕಿರಿಮಗನ ಬಗ್ಗೆ ಎಷ್ಟೋ ಪ್ರಸಂಗ ಕೇಳಿದ್ದೀರಿ. ಅವನಿಗೆ ಬುದ್ಧಿ ಬಂತು, ತಾನೇ ಎದ್ದು ಬಂದ. ಕುರಿಯಾದರೂ ಅರಚುತ್ತೆ. ಆದರೆ ನಾಣ್ಯ? ಕೂಗೋದಿಲ್ಲ, ಎದ್ದು ಬರೋದಿಲ್ಲ. ತಾನು ಕಳೆದುಹೋಗಿದ್ದೇನೆ ಅನ್ನೋದೇ ಅದಕ್ಕೆ ಗೊತ್ತಿಲ್ಲ. ಆದ್ದರಿಂದ ಹುಡುಕುವ ಕೆಲಸ ಪೂರ್ತಿ ಆ ಹೆಂಗಸಿನದೇ.

ಇವತ್ತು ಈ ವಾಕ್ಯ ಯಾಕೆ? ನಮ್ಮಲ್ಲಿ ಕೊಳ್ಳೇಗಾಲ, ಹನೂರು, ಯಳಂದೂರಿನಿಂದ ಕೆಲಸಕ್ಕೆ ಅಂತ ಸಿಟಿಗೆ ಬಂದವರಿದ್ದೀರಿ. ಊರಲ್ಲಿ ಅಜ್ಜಿ, ತಾತ, ಅಪ್ಪ, ಅಮ್ಮ ಇದ್ದಾರೆ. ಕೆಲವರಿಗೆ ಮರೆವಿನ ಕಾಯಿಲೆ, ಡಿಮೆನ್ಶಿಯಾ. ಭಾರತದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಜನರಿಗೆ ಇದು ಇದೆ ಅಂತ ಅಂದಾಜು. ಇವರಲ್ಲಿ ಅನೇಕರು ಯಾರಿಗೂ ಹೇಳದೆ ಮನೆಯಿಂದ ಹೊರಟುಬಿಡ್ತಾರೆ. ರೇಷ್ಮೆ ಸಾಕೋದು ಬಿಟ್ಟು ಇಪ್ಪತ್ತು ವರ್ಷ ಆಗಿರುತ್ತೆ, ಆದ್ರೂ ಬೆಳಗಿನ ಜಾವ ಎದ್ದು "ಹುಳಕ್ಕೆ ಸೊಪ್ಪು ಹಾಕಬೇಕು" ಅಂತ ಅಜ್ಜಿ ಬಾಗಿಲು ತೆಗೀತಾರೆ. ಹನೂರು ಕಡೆ, ಬಿಳಿಗಿರಿರಂಗನ ಬೆಟ್ಟದ ತಪ್ಪಲಲ್ಲಿ ದಾರಿ ತಪ್ಪಿದರೆ ಮುಂದೆ ಕಾಡು, ಆನೆ. ಕೊಳ್ಳೇಗಾಲದಲ್ಲಿ ಯಾವುದೋ ಬಸ್ ಹತ್ತಿದರೆ ಮೈಸೂರೋ ಬೆಂಗಳೂರೋ. ಮಹದೇಶ್ವರ ಬೆಟ್ಟ ದಾಟಿ ಪಾಲಾರ್ ಕಡೆ ಇಳಿದರೆ ತಮಿಳುನಾಡು.

ಆ ಹೆಂಗಸು ಏನು ಮಾಡಿದಳು, ನೋಡೋಣ.

ಮೊದಲು ದೀಪ ಹಚ್ಚಿದಳು. ಕತ್ತಲಲ್ಲಿ ತಡಕಾಡಲಿಲ್ಲ. "ಅರವತ್ತಕ್ಕೆ ಅರಳುಮರಳು" ಅಂತ ನಕ್ಕು ಸುಮ್ಮನಾಗೋದು ಕತ್ತಲೆ. ನಮ್ಮವರೇ ಕೆಲವರು ಇದನ್ನ ದೆವ್ವ ಅಂತಾರೆ. ಬಿಡುಗಡೆಯ ಸೇವೆಯನ್ನ ನಾನು ನಂಬ್ತೀನಿ. ಆದರೆ ಇದು ಮಿದುಳಿನ ಕಾಯಿಲೆ. ಗದರಿಸಿ ಓಡಿಸಲು ಹೋದರೆ ಅಲ್ಲಿ ಹೆದರೋದು ದೆವ್ವ ಅಲ್ಲ, ನಿಮ್ಮ ಅಜ್ಜಿ. ಪ್ರಾರ್ಥನೆ ಮಾಡಿ, ಡಾಕ್ಟರ್ ಹತ್ರಾನೂ ಕರ್ಕೊಂಡು ಹೋಗಿ. ಥೈರಾಯ್ಡ್ ತೊಂದರೆ, ಬಿ12 ಕೊರತೆಯಿಂದಲೂ ಮರೆವು ಬರಬಹುದು. ಅದಕ್ಕೆ ಔಷಧಿ ಇದೆ. ಕರ್ನಾಟಕ ಸರ್ಕಾರ ನಿಮ್ಹಾನ್ಸ್ ಜೊತೆ 2022ರಲ್ಲಿ ಮಿದುಳು ಆರೋಗ್ಯ ಕಾರ್ಯಕ್ರಮ ಶುರು ಮಾಡಿದೆ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಎರಡನೆಯದು, ಮನೆ ಗುಡಿಸಿದಳು. ಇದು ದಿನಾ ಮಾಡೋ ಕೆಲಸ, ಯಾರೂ ಚಪ್ಪಾಳೆ ತಟ್ಟೋದಿಲ್ಲ. ತಮ್ಮಾ, ನೀನು ಆನ್‌ಲೈನ್‌ನಲ್ಲಿ ಜಿಪಿಎಸ್ ವಾಚ್ ಕಳಿಸಿದೆ. ಒಳ್ಳೇದು. ಅದನ್ನ ಚಾರ್ಜ್‌ಗೆ ಹಾಕೋರು ಯಾರು? ತಾತ ಕಿತ್ತು ಎಸೆದರೆ ಮತ್ತೆ ಕಟ್ಟೋರು ಯಾರು? ನಿನ್ನ ಫೋನಲ್ಲಿ ಚುಕ್ಕೆ ಕಾಣುತ್ತೆ, ಆ ಚುಕ್ಕೆ ಹಿಂದೆ ಬಿಸಿಲಲ್ಲಿ ಓಡೋರು ಅತ್ತಿಗೆ. ವಾಚ್ ಕೊಟ್ಟ ಮಾತ್ರಕ್ಕೆ ನಿನ್ನ ಕರ್ತವ್ಯ ಮುಗೀಲಿಲ್ಲ. ತಿಂಗಳಿಗೆ ಎರಡು ದಿನ ಊರಿಗೆ ಹೋಗು. ಆ ಎರಡು ದಿನ ಅತ್ತಿಗೆ ನಿದ್ದೆ ಮಾಡಲಿ.

ಶರ್ಟಿನ ಒಳಗೆ, ಸೆರಗಿನ ಅಂಚಿಗೆ ಫೋನ್ ನಂಬರ್ ಹೊಲಿಸಿ. ಇತ್ತೀಚಿನ ಫೋಟೋ ಇಟ್ಟುಕೊಳ್ಳಿ. ಬೆಳಗ್ಗೆ ಯಾವ ಬಟ್ಟೆ ಹಾಕಿದ್ದಾರೆ ನೋಡಿಕೊಳ್ಳಿ. ಸಂಜೆ ಹೊತ್ತು ಚಡಪಡಿಕೆ ಜಾಸ್ತಿ, ಆಗ ಜೊತೆಗಿರಿ. "ಮನೆಗೆ ಹೋಗ್ತೀನಿ" ಅಂದರೆ "ಇದೇ ನಿನ್ ಮನೆ" ಅಂತ ಜಗಳ ಬೇಡ. ಚಪ್ಪಲಿ ಹಾಕಿಕೊಂಡು ನಾಲ್ಕು ಹೆಜ್ಜೆ ಜೊತೆಗೆ ನಡೆದು, ಕಾಫಿಗೆ ಕರ್ಕೊಂಡು ಬನ್ನಿ. ಒಬ್ಬರನ್ನೇ ಒಳಗೆ ಹಾಕಿ ಬೀಗ ಹಾಕಿ ಹೋಗಬೇಡಿ. ಬೆಂಕಿ ಬಿದ್ದರೆ ಗತಿ ಏನು? ಕಾಣದಿದ್ದರೆ ಅಕ್ಕಪಕ್ಕ, ಬಾವಿ, ಕಾಲುವೆ, ಹಳೇ ಜಮೀನು ನೋಡಿ. ಜೊತೆಗೇ 112ಕ್ಕೆ ಫೋನ್ ಮಾಡಿ. 24 ಗಂಟೆ ಕಾಯಬೇಕು ಅನ್ನೋದು ಸುಳ್ಳು. ಹಿರಿಯರ ಸಹಾಯವಾಣಿ 14567 ಕೂಡ ಇದೆ.

ಮೂರನೆಯದು, ನೆರೆಹೊರೆಯವರನ್ನ ಕರೆದಳು. ಕಳೆದಿದ್ದ ನಾಣ್ಯ ಸಿಕ್ಕಿತು ಅಂತ ಹೇಳಿದಳು, ಕಳೆದದ್ದನ್ನ ಮುಚ್ಚಿಡಲಿಲ್ಲ. ನಾವು ಮರ್ಯಾದೆ ಹೋಗುತ್ತೆ ಅಂತ ಮುಚ್ಚಿಡ್ತೀವಿ. ಅಂಗಡಿಯವರಿಗೆ, ಆಟೋ ಸ್ಟ್ಯಾಂಡಿನವರಿಗೆ, ಕಂಡಕ್ಟರಿಗೆ, ಸಭೆಗೆ ಹೇಳಿಡಿ. 2024ರ ಕೊನೆಯಲ್ಲಿ ಬಂದ ಸುದ್ದಿ ನೆನಪಿದೆಯಾ? ವಿಜಯನಗರ ಜಿಲ್ಲೆಯಿಂದ ಕಾಣೆಯಾಗಿದ್ದ ಒಬ್ಬ ತಾಯಿ ಎಷ್ಟೋ ವರ್ಷಗಳ ಮೇಲೆ ಹಿಮಾಚಲ ಪ್ರದೇಶದ ವೃದ್ಧಾಶ್ರಮದಲ್ಲಿ ಸಿಕ್ಕರು. ತೀರಿಕೊಂಡರು ಅಂತಲೇ ಮನೆಯವರು ಅಂದುಕೊಂಡಿದ್ದರು. ಅಲ್ಲಿ ಕೆಲಸದಲ್ಲಿದ್ದ ಕರ್ನಾಟಕದ ಅಧಿಕಾರಿ ಕನ್ನಡದಲ್ಲಿ ಮಾತಾಡಿಸಿದ ಮೇಲೆ ಮನೆಯ ದಾರಿ ತೆರೆಯಿತು. ನಿಂತು ಮಾತಾಡಿಸೋ ಒಬ್ಬರು ಸಾಕು. ದಾರೀಲಿ ಗಲಿಬಿಲಿಯಾಗಿ ನಿಂತ ಅಜ್ಜನ್ನ ಕಂಡರೆ ಆ ಒಬ್ಬರು ನೀವೇ ಆಗಿ.

ಕೊನೆಗೆ ಒಂದು ಪ್ರಶ್ನೆ. "ಪಾಸ್ಟರ್, ನಮ್ಮ ತಾತ ಯೇಸುವಿನ ಹೆಸರನ್ನೇ ಮರೆತಿದ್ದಾರೆ. ಅವರ ರಕ್ಷಣೆ ಏನಾಗುತ್ತೆ?" ಗಲಾತ್ಯದವರಿಗೆ 4:9 ನೋಡಿ. ನೀವು ದೇವರನ್ನ ಅರಿತಿದ್ದೀರಿ ಅಂತ ಬರೆಯುತ್ತಲೇ ಪೌಲ ಮಾತು ತಿರುಗಿಸ್ತಾನೆ: ದೇವರೇ ನಿಮ್ಮನ್ನ ಅರಿತಿದ್ದಾನೆ ಅಂತಾನೆ. ನಮ್ಮ ರಕ್ಷಣೆ ನಮ್ಮ ನೆನಪಿನ ಮೇಲೆ ನಿಂತಿಲ್ಲ, ಆತನ ನೆನಪಿನ ಮೇಲೆ ನಿಂತಿದೆ. ಹಲ್ಲೆಲೂಯ! ಧೂಳಲ್ಲಿ ಬಿದ್ದರೂ ನಾಣ್ಯದ ಬೆಲೆ ಒಂದು ಕಾಸೂ ಇಳಿದಿರಲಿಲ್ಲ. ಅದಕ್ಕೇ ಅವಳು ಸಿಕ್ಕೋ ತನಕ ಹುಡುಕಿದಳು.

ಪ್ರಾರ್ಥಿಸೋಣ. ತಂದೆಯೇ, ಮರೆತವರನ್ನ ನೀನು ಮರೆಯುವುದಿಲ್ಲ, ನಿನಗೆ ಸ್ತೋತ್ರ. ರಾತ್ರಿಯೆಲ್ಲಾ ಬಾಗಿಲು ಕಾಯುವವರಿಗೆ ಬಲ ಕೊಡು. ದೂರದಲ್ಲಿರುವ ನಮ್ಮನ್ನ ಅವರ ಬಳಿಗೆ ಕಳಿಸು. ಈಗ ದಾರಿ ತಪ್ಪಿ ನಡೆಯುತ್ತಿರುವವರನ್ನ ಕಾಪಾಡಿ ಮನೆಗೆ ಸೇರಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.