ಎರಡು ತಲೆಯ ಹಾವು, ಒಂದೇ ಜೀವ



ಜತ್ತ, ಅಕ್ಕಲಕೋಟೆ ಕಡೆ ಮಸಾರಿ ಹೊಲದಲ್ಲಿ ಕುಂಟೆ ಹೊಡೆಯುವಾಗ ಮಣ್ಣಿನೊಳಗಿಂದ ದಪ್ಪನೆಯ ಹಾವೊಂದು ಒಮ್ಮೆಲೇ ಹೊರಬೀಳುವುದುಂಟು. ನಾವು ಎರಡು ತಲೆಯ ಹಾವು ಎನ್ನುತ್ತೇವೆ, ಮರಾಠಿಯವರು ಮಾಂಡೂಳ ಎನ್ನುತ್ತಾರೆ. ಇರುವುದು ಒಂದೇ ತಲೆ. ಮೊಂಡು ಬಾಲವೇ ತಲೆಯಂತೆ ಕಾಣುತ್ತದೆ. ಅದಕ್ಕೆ ವಿಷವಿಲ್ಲ. ಇಲಿ ತಿಂದು ನಮ್ಮ ಜೋಳ ಉಳಿಸುತ್ತದೆ.

ಮನೆಯಲ್ಲಿಟ್ಟರೆ ಸಿರಿ ಬರುವುದೆಂದು ನಂಬಿಸಿ ಲಕ್ಷಗಟ್ಟಲೆ ಆಸೆ ತೋರಿಸುವ ದಲಾಲರಿದ್ದಾರೆ. ಹಿಡಿದು ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಆದರೆ ಕಾಯ್ದೆಗಿಂತ ಮೊದಲು ಕೊರಳಲ್ಲಿರುವ ಇಷ್ಟಲಿಂಗ ಕೇಳುತ್ತದೆ: ಮೂಕಜೀವ ಮಾರಿ ಬಂದ ಹಣ ಕಾಯಕವಾದೀತೇ? ಅದರಿಂದ ದಾಸೋಹ ನಡೆದೀತೇ?

ಹಾವು ಕಂಡರೆ ಎತ್ತು ನಿಲ್ಲಿಸಿರಿ, ಅದು ದಾಟಿ ಹೋಗಲಿ. ಆ ಒಂದು ಗಳಿಗೆಯೂ ಲಿಂಗಪೂಜೆಯೇ.