ಅರ್ಧ ಅಂಕದ ಪ್ರಾಮಾಣಿಕತೆ

ಹಂಪಿಯ ಮಂಟಪಗಳ ಕಲ್ಲುಹಾಸಿನ ಮೇಲೆ ಅಲ್ಲಲ್ಲಿ ಆಟದ ಮನೆಗಳನ್ನು ಕೊರೆದಿರುವುದನ್ನು ಕಾಣಬಹುದು. ಅಲ್ಲಿ ಕುಳಿತು ಆಡಿದವರು ಸೋಲು ಗೆಲುವಿಲ್ಲದೆ ಎದ್ದುಹೋದ ದಿನಗಳೂ ಇದ್ದಿರಬೇಕು. ಅದರಿಂದ ಯಾರಿಗೂ ನಷ್ಟವಿರಲಿಲ್ಲ. ಸ್ಪರ್ಧೆಯ ಮಾತು ಬೇರೆ. ಅಲ್ಲಿ ಸಮವಾದ ಆಟಕ್ಕೆ ತಲಾ ಅರ್ಧ ಅಂಕ ಸಲ್ಲುತ್ತದೆ. ಆ ಅರ್ಧ ಅಂಕವು ಪಕ್ಕದ ಹಲಗೆಯಲ್ಲಿ ಬೆವರು ಸುರಿಸುತ್ತಿರುವ ಮೂರನೆಯವನ ಸ್ಥಾನವನ್ನು ಏರಿಳಿಸುತ್ತದೆ.

2023ರ ಡಿಸೆಂಬರಿನಲ್ಲಿ ಉಜ್ಬೇಕಿಸ್ತಾನದ ಸಮರ್ಕಂದದಲ್ಲಿ ನಡೆದ ವಿಶ್ವ ಬ್ಲಿಟ್ಜ್ ಚದುರಂಗ ಸ್ಪರ್ಧೆಯಲ್ಲಿ ರಷ್ಯಾದ ಇಬ್ಬರು ಗ್ರ್ಯಾಂಡ್‌ಮಾಸ್ಟರರಾದ ದಾನಿಲ್ ದುಬೋವ್ ಮತ್ತು ಇಯಾನ್ ನೆಪೊಮ್ನಿಯಾಚಿ ಎದುರಾದರು. ಒಂದು ಕಾಲಾಳನ್ನೂ ಮುಟ್ಟದೆ ಕುದುರೆಗಳನ್ನಷ್ಟೇ ಕುಣಿಸಿ ಇಬ್ಬರೂ ಆಟವನ್ನು ಸಮಗೊಳಿಸಿದರು. ತೀರ್ಪುಗಾರರು ಅದನ್ನು ಒಪ್ಪದೆ ಇಬ್ಬರಿಗೂ ಸೊನ್ನೆ ಕೊಟ್ಟರು.

ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವನ್ನೂ ಎಣಿಸಿದೆ. ಎಂದರೆ ನಕಲಿಯನ್ನು ಅಸಲೆಂದು ಸಾಗಿಸುವುದು. ಕಂಪ್ಲಿಯಲ್ಲಾಗಲಿ ಹೊಸಪೇಟೆಯಲ್ಲಾಗಲಿ ಇಬ್ಬರು ಖರೀದಿದಾರರು ಒಳಗೊಳಗೇ ದರ ಗೊತ್ತುಮಾಡಿಕೊಂಡು ಭತ್ತದ ಹರಾಜಿಗೆ ನಿಂತರೆ, ಹರಾಜು ನಡೆದಂತೆ ಕಾಣುತ್ತದೆ, ನಡೆದಿರುವುದಿಲ್ಲ. ನಷ್ಟಕ್ಕೊಳಗಾಗುವ ರೈತನು ಆ ಮಾತುಕತೆಯಲ್ಲಿ ಇರಲೇ ಇಲ್ಲ. ಮೊದಲೇ ಗೊತ್ತುಮಾಡಿಕೊಂಡ ಡ್ರಾ ಕೂಡ ಇದೇ ಜಾತಿಯದು.

ಆದರೆ ಇಲ್ಲೊಂದು ತೊಡಕಿದೆ. ಸಮರ್ಕಂದದ ನಾಣ್ಯವು ಎಷ್ಟು ಒರಟಾಗಿತ್ತೆಂದರೆ ಅದರಿಂದ ಯಾರೂ ಮೋಸಹೋಗಲಿಲ್ಲ. ಪುಸ್ತಕದಲ್ಲಿರುವ ಹದಿನೈದು ನಡೆಗಳನ್ನು ಗಂಭೀರ ಮುಖದಿಂದ ನಡೆಸಿ ಕೈಕುಲುಕುವವರಿಗೆ ಅರ್ಧ ಅಂಕ ತಪ್ಪುವುದು ಅಪರೂಪ. ನಕಲಿಯು ಅಚ್ಚುಕಟ್ಟಾದಷ್ಟೂ ದೋಷವು ಹೆಚ್ಚಬೇಕು. ಶಿಕ್ಷೆ ಮಾತ್ರ ಒರಟಾದುದಕ್ಕೆ ಬಿತ್ತು. ತೀರ್ಪುಗಾರನು ನಡೆಗಳನ್ನು ನೋಡಬಲ್ಲನು, ಭಾವವನ್ನು ನೋಡಲಾರನು. ಆದ್ದರಿಂದ ಅವನನ್ನು ದೂರುವುದೂ ಸರಿಯಲ್ಲ.

ಇದಕ್ಕೆ ಎದುರಾಗಿ 2018ರ ನವೆಂಬರ್ 26ರಂದು ಲಂಡನ್ನಿನಲ್ಲಿ ನಡೆದುದನ್ನು ಇಡಬಹುದು. ವಿಶ್ವ ಚಾಂಪಿಯನ್ ಪಟ್ಟದ ಹನ್ನೆರಡನೆಯ ಆಟದಲ್ಲಿ ಮ್ಯಾಗ್ನಸ್ ಕಾರ್ಲ್‌ಸನ್ನರ ಸ್ಥಿತಿ ಉತ್ತಮವಾಗಿತ್ತು, ಗಡಿಯಾರದ ಸಮಯವೂ ಅವರಲ್ಲೇ ಹೆಚ್ಚಿತ್ತು. ಆದರೂ 31ನೆಯ ನಡೆಯಲ್ಲಿ ಅವರು ಡ್ರಾ ಮುಂದಿಟ್ಟರು, ಫ್ಯಾಬಿಯಾನೊ ಕರುವಾನಾ ಒಪ್ಪಿದರು. ಹನ್ನೆರಡು ಆಟಗಳೂ ಸಮವಾದವು. ನೋಡುಗರು ನಿರಾಶರಾದರು; ಆದರೆ ನಿರಾಶೆಯು ಕಳವಲ್ಲ. ಹೊರಗಿನ ಯಾರ ಪಾಲೂ ಅಲ್ಲಿ ಕಡಿಮೆಯಾಗಲಿಲ್ಲ, ಮುಚ್ಚಿಟ್ಟದ್ದೂ ಏನಿರಲಿಲ್ಲ.

ಅದನ್ನು ಸಂತೃಪ್ತಿಯೆಂದು ಹೊಗಳಲು ಹೊರಡುವವರು ಸ್ವಲ್ಪ ತಡೆಯಬೇಕು. ಶೀಘ್ರ ಆಟದಲ್ಲಿ ತಮ್ಮ ಬಲ ಹೆಚ್ಚೆಂಬುದನ್ನು ಕಾರ್ಲ್‌ಸನ್ ಬಲ್ಲವರಾಗಿದ್ದರು. ದೊಡ್ಡ ಲಾಭಕ್ಕಾಗಿ ಚಿಕ್ಕ ಲಾಭವನ್ನು ಬಿಟ್ಟ ವ್ಯಾಪಾರಿಯನ್ನು ಪರಿಗ್ರಹ ಪರಿಮಾಣ ವ್ರತಿಯೆಂದು ಯಾರೂ ಕರೆಯುವುದಿಲ್ಲ. ಎರಡು ದಿನಗಳ ತರುವಾಯ ಶೀಘ್ರ ಆಟಗಳಲ್ಲಿ ಅವರು 3-0ರಿಂದ ಗೆದ್ದರು.